ಪೀಠವಿಲ್ಲದ ಪ್ರತಿಮೆ

ಅಮೆರಿಕಾ ದೇಶದ ಪೂರ್ವತೀರದಲ್ಲಿ ಸಂಚರಿಸುವ ನಮ್ಮ ಕಡೆಯ ಯಾತ್ರಿಕರು ವಾಷಿಂಗ್ಟನ್ನಿನ ಶ್ವೇತಸೌಧಗಳನ್ನು ಕಂಡಾದ ಮೇಲೆ ನೇರವಾಗಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳ ಕಡೆಗೆ ಮುಖಮಾಡುವರೇ ಹೊರತು, ಅವೆರಡರ ನಡುವೆ ಚೆಸಪೀಕ್ ಕೊಲ್ಲಿಯ ಒಂದು ಮೂಲೆಯನ್ನು ಆಶ್ರಯಿಸಿರುವ ಬಾಲ್ಟಿಮೋರ್ ನಗರದಲ್ಲಿ ಇಳಿಯುವುದು ವಿರಳ. ನಾನು ಅಲ್ಲಿ ಇಳಿದುದು ಒಬ್ಬ ಗಾಯಕಿಯ ನಿಮಿತ್ತವಾಗಿ. ಬಿಲ್ಲಿ ಹಾಲಿಡೇ ಎಂಬ ಹೆಸರಿನಿಂದ ಲೋಕಪ್ರಸಿದ್ಧಳಾದ ಆ ಜಾಝ್ ಗಾಯಕಿಯ ಕಂಠವನ್ನು ನಾನು ಯೌವನದಲ್ಲಿ ಸ್ನೇಹಿತರೊಬ್ಬರ ಮನೆಯ ಗ್ರಾಮಫೋನಿನಿಂದ ಮೊದಲು ಕೇಳಿದೆ. ಅಂದಿನಿಂದ ಆ ಧ್ವನಿ ನನ್ನ ಜೊತೆಗೇ ಇದೆ. ಆಕೆ ಬೆಳೆದ ಬೀದಿ, ಹಾಡಿದ ನೆಲಮಾಳಿಗೆ, ಪ್ರಾಣಬಿಟ್ಟ ಆಸ್ಪತ್ರೆ, ಕೊನೆಗೆ ಮಣ್ಣುಗೂಡಿದ ಸ್ಥಳ, ಇವುಗಳನ್ನು ಕ್ರಮವಾಗಿ ಕಂಡು ಬರಬೇಕೆಂಬ ಅಭಿಲಾಷೆ ಬಹುಕಾಲದಿಂದ ಮನಸ್ಸಿನಲ್ಲಿದ್ದಿತು. ಕ್ಷೇತ್ರಯಾತ್ರೆ ಮಾಡುವವರು ನದಿಯ ಮೂಲದಿಂದ ಹೊರಟು ಸಂಗಮದವರೆಗೆ ಹೋಗುವಂತೆ ನಾನೂ ಆಕೆಯ ಬಾಲ್ಯದಿಂದ ಹೊರಡಬೇಕೆಂದು ಸಂಕಲ್ಪಿಸಿದೆ.

ಬಾಲ್ಟಿಮೋರಿನಲ್ಲಿ ನನಗೆ ಆತಿಥ್ಯ ನೀಡಿದವನು ಅಲ್ಲಿಯೇ ಉದ್ಯೋಗದಲ್ಲಿರುವ ನನ್ನ ಸೋದರಳಿಯ. ನಾನು ನೋಡಬೇಕೆಂದ ಸ್ಥಳಗಳ ಪಟ್ಟಿಯನ್ನು ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಬಂದರಿನ ಕಡೆಯ ಬೀದಿಗೇನೋ ಹೋಗೋಣ, ತೊಂದರೆಯಿಲ್ಲ. ಆದರೆ ಆ ಪೆನ್ಸಿಲ್ವೇನಿಯಾ ಅವೆನ್ಯೂಗೆ ಯಾಕೆ? ಇಷ್ಟು ವರ್ಷದಿಂದ ಇಲ್ಲಿದ್ದೇನೆ, ನಾನೇ ಅತ್ತ ಕಾಲಿಟ್ಟಿಲ್ಲ” ಎಂದನು. ಅಮೆರಿಕೆಯ ನಗರಗಳಲ್ಲಿ ಇಂಥ ಅಗೋಚರ ಗಡಿಗಳು ಎಷ್ಟೋ ಇವೆ. ಅವುಗಳಿಗೆ ಗೋಡೆಯಿಲ್ಲ, ಕಾವಲಿಲ್ಲ. ಆದರೂ ಒಂದು ಕಡೆಯವರು ಇನ್ನೊಂದು ಕಡೆಗೆ ಹೋಗದೆಯೇ ಜೀವಮಾನವನ್ನು ಕಳೆಯಬಲ್ಲರು. ಕೊನೆಗೆ ಅವನೇ ಕಾರು ನಡೆಸಿಕೊಂಡು ಬಂದನು.

ಮೊದಲು ಹೋದುದು ಫೆಲ್ಸ್ ಪಾಯಿಂಟ್ ಎಂಬ ಹಳೆಯ ಬಂದರು ಪ್ರದೇಶದ ಡರಮ್ ಸ್ಟ್ರೀಟಿಗೆ. ಅದನ್ನು ಬೀದಿಯೆನ್ನುವುದಕ್ಕಿಂತ ಓಣಿಯೆನ್ನುವುದು ಉಚಿತ. ಎರಡು ಪಕ್ಕದಲ್ಲಿಯೂ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಕಿರುಮನೆಗಳು, ಗೋಡೆಗಳ ಮೇಲೆ ಅಲ್ಲಲ್ಲಿ ಇತ್ತೀಚಿನ ಕಲಾವಿದರು ಬರೆದಿರುವ ಆ ಗಾಯಕಿಯ ವರ್ಣಚಿತ್ರಗಳು. ಸುತ್ತಲಿನ ದೊಡ್ಡ ಬೀದಿಗಳ ಮನೆಗಳ ಮುಂದೆ ಬಿಳಿಯ ಅಮೃತಶಿಲೆಯ ಮೆಟ್ಟಿಲುಗಳಿರುವುದು ಈ ನಗರದ ವೈಶಿಷ್ಟ್ಯ. ನಗರದ ಉತ್ತರಕ್ಕಿರುವ ಕಾಕೀಸ್‌ವಿಲ್ ಪ್ರಾಂತದ ಗಣಿಗಳಿಂದ ಬಂದ ಕಲ್ಲು ಅದು. ವಾಷಿಂಗ್ಟನ್ನಿನ ಮಹಾಸ್ತಂಭಕ್ಕೂ ಆ ಪ್ರಾಂತದ ಕಲ್ಲನ್ನೇ ಬಳಸಿದ್ದಾರೆ. ಬಂದರಿನ ಮಸಿ ಧೂಳುಗಳ ನಡುವೆ ಆ ಮೆಟ್ಟಿಲುಗಳನ್ನು ಬೆಳ್ಳಗೆ ಇರಿಸಿಕೊಳ್ಳುವುದು ಗೃಹಸ್ಥರಿಗೆ ಮಾನದ ವಿಷಯವಾಗಿದ್ದುದರಿಂದ ಬಡ ಹುಡುಗಿಯರಿಗೆ ಅವುಗಳನ್ನು ಉಜ್ಜಿ ತೊಳೆಯುವ ಕೂಲಿ ಸಿಕ್ಕುತ್ತಿದ್ದಿತು. ತಾನು ಆ ಕೆಲಸವನ್ನು ಮಾಡುತ್ತಿದ್ದೆನೆಂದೂ, ತನ್ನದೇ ಬ್ರಷ್ಷನ್ನು ಒಯ್ಯುತ್ತಿದ್ದುದರಿಂದ ಇತರ ಹುಡುಗಿಯರಿಗಿಂತ ಹೆಚ್ಚು ಕೂಲಿಯನ್ನು ಕೇಳುತ್ತಿದ್ದೆನೆಂದೂ ಆಕೆ 1956ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಆ ಗ್ರಂಥದ ಎಲ್ಲ ಸಂಗತಿಗಳನ್ನೂ ಚರಿತ್ರಕಾರರು ಒಪ್ಪುವುದಿಲ್ಲ. ಆದರೆ ಈ ಒಂದು ಮಾತನ್ನು ಮಾತ್ರ ನಂಬಬೇಕೆನ್ನಿಸುತ್ತದೆ. ತನ್ನ ಕೆಲಸದ ಬೆಲೆಯನ್ನು ತಾನೇ ಗೊತ್ತುಮಾಡುವ ಆ ಹುಡುಗಿಯೇ ಮುಂದೆ ಪದ್ಯದ ಯಾವ ಮಾತಿಗೆ ಎಷ್ಟು ತೂಕವೆಂದು ತಾನೇ ಗೊತ್ತುಮಾಡಿದ ಗಾಯಕಿಯಾದಳು.

ಆಕೆ ಹುಟ್ಟಿದುದು 1915ರ ಏಪ್ರಿಲ್ 7ರಂದು, ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ. ಎಲಿನೋರಾ ಎಂಬುದು ಇಟ್ಟ ಹೆಸರು. ತಾಯಿ ಸೇಡೀ ಇನ್ನೂ ಇಪ್ಪತ್ತು ತುಂಬದ ಹುಡುಗಿ. ತಂದೆ ಕ್ಲಾರೆನ್ಸ್ ಹಾಲಿಡೇ ಗಿಟಾರು ವಾದಕ, ಮುಂದೆ ಫ್ಲೆಚರ್ ಹೆಂಡರ್ಸನ್ನನ ಪ್ರಸಿದ್ಧ ವಾದ್ಯವೃಂದದಲ್ಲಿ ನುಡಿಸಿದವನು. ಸಂಸಾರವನ್ನು ಕಟ್ಟಿಕೊಂಡು ನಿಂತವನಲ್ಲ. ಜೀವನೋಪಾಯಕ್ಕಾಗಿ ತಾಯಿ ಊರೂರು ಅಲೆಯುತ್ತಿದ್ದುದರಿಂದ ಮಗು ಬಾಲ್ಟಿಮೋರಿನ ಬಂಧುಗಳ ಮನೆಗಳಲ್ಲಿ ಬೆಳೆಯಿತು. ಶಾಲೆಗೆ ಹೋಗುವುದಿಲ್ಲವೆಂಬ ಅಪರಾಧಕ್ಕಾಗಿ ಒಂಬತ್ತು ವರ್ಷದ ಆ ಬಾಲೆಯನ್ನು 1925ರಲ್ಲಿ ನ್ಯಾಯಾಲಯದ ಮುಂದೆ ನಿಲ್ಲಿಸಿ ಸಂನ್ಯಾಸಿನಿಯರು ನಡೆಸುತ್ತಿದ್ದ ಸುಧಾರಣಾಗೃಹಕ್ಕೆ ಕಳುಹಿಸಿದರು. ಮುಂದಿನ ವರ್ಷ ನೆರೆಯವನೊಬ್ಬನು ಆಕೆಯ ಮೇಲೆ ದೌರ್ಜನ್ಯವೆಸಗಿದಾಗ, ರಕ್ಷಣೆಯ ಹೆಸರಿನಲ್ಲಿ ಆಕೆಯನ್ನು ಮತ್ತೆ ಅದೇ ಗೃಹದೊಳಗೆ ಇರಿಸಿದರು. ಅನ್ಯಾಯಕ್ಕೆ ಗುರಿಯಾದವಳನ್ನೇ ಬಂಧನದಲ್ಲಿಡುವ ಈ ಕ್ರಮ ಆಕೆಯ ಆಯುಷ್ಯದ ಕೊನೆಯ ವಾರಗಳವರೆಗೂ ಬೆನ್ನುಬಿಡಲಿಲ್ಲ.

ಅಲ್ಲಿಂದ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹೋದೆವು. ಒಂದು ಕಾಲಕ್ಕೆ ಇದು ಬಾಲ್ಟಿಮೋರಿನ ಕಪ್ಪು ಜನಾಂಗದ ರಾಜಬೀದಿ. ಅಂಗಡಿ, ಊಟದ ಮನೆ, ನಾಟ್ಯಶಾಲೆಗಳಿಂದ ರಾತ್ರಿ ಹಗಲೆನ್ನದೆ ತುಂಬಿ ತುಳುಕುತ್ತಿದ್ದ ಸ್ಥಳ. ಇಲ್ಲಿಯ ರಾಯಲ್ ಥಿಯೇಟರಿನಲ್ಲಿ ಹಾಡದ ಕಪ್ಪು ಕಲಾವಿದರೇ ಇರಲಿಲ್ಲವೆನ್ನಬೇಕು. ಆ ರಂಗಮಂದಿರವನ್ನು 1971ರಲ್ಲಿ ಕೆಡವಿದರು. ಈಗ ಅದರ ನೆನಪಿಗೆ ಮುಂಭಾಗದ ಫಲಕದ ಮಾದರಿಯೊಂದನ್ನು ನಿಲ್ಲಿಸಿದ್ದಾರೆ. ಸುತ್ತಲೂ ಹಲಗೆ ಹೊಡೆದು ಮುಚ್ಚಿದ ಮನೆಗಳು, ಬಾಗಿಲಿಗೆ ಕಬ್ಬಿಣದ ಜಾಲರಿಯಿರುವ ಅಂಗಡಿಗಳು. ಅದರ ಸಮೀಪದಲ್ಲಿಯೇ, ಒಂದು ಪುಟ್ಟ ಬಯಲಿನಲ್ಲಿ, ಆಳೆತ್ತರಕ್ಕಿಂತ ಮಿಗಿಲಾದ ಕಂಚಿನ ಪ್ರತಿಮೆಯಾಗಿ ಬಿಲ್ಲಿ ಹಾಲಿಡೇ ನಿಂತಿದ್ದಾಳೆ: ನೆಲಮುಟ್ಟುವ ನಿಲುವಂಗಿ, ಕೇಶದಲ್ಲಿ ಆಕೆಗೆ ಪ್ರಿಯವಾಗಿದ್ದ ಗಾರ್ಡೀನಿಯಾ ಪುಷ್ಪ, ಹಾಡುವುದಕ್ಕಾಗಿ ತೆರೆದ ಬಾಯಿ.

ಈ ಪ್ರತಿಮೆಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇದನ್ನು ನಿರ್ಮಿಸಿದವನು ಜೇಮ್ಸ್ ಅರ್ಲ್ ರೀಡ್ ಎಂಬ ಬಾಲ್ಟಿಮೋರಿನ ಶಿಲ್ಪಿ. ಗಾಯಕಿಯ ಆಕೃತಿಯ ಕೆಳಗೆ ಉಬ್ಬುಚಿತ್ರಗಳುಳ್ಳ ಎತ್ತರದ ಪೀಠವೊಂದಿರಬೇಕೆಂಬುದು ಅವನ ಯೋಜನೆ. ಮರದಿಂದ ನೇಣುಬಿದ್ದ ಮನುಷ್ಯದೇಹ, ಗಾರ್ಡೀನಿಯಾ ಹೂವನ್ನು ಕೊಕ್ಕಿನಲ್ಲಿ ಹರಿಯುತ್ತಿರುವ ಕಾಗೆ, ಹೊಕ್ಕುಳಬಳ್ಳಿ ಇನ್ನೂ ಕಡಿಯದಿರುವ ಶಿಶು, ಇವು ಆ ಪೀಠದ ಮೇಲೆ ಬರಬೇಕಾಗಿದ್ದ ಚಿತ್ರಗಳು. ವರ್ಣಭೇದದ ಕಾನೂನುಗಳಿಗೆ ಆ ದೇಶದಲ್ಲಿ ಕಾಗೆಯ ಹೆಸರಿರುವುದನ್ನು ಬಲ್ಲವರಿಗೆ ಎರಡನೆಯ ಚಿತ್ರದ ಅರ್ಥ ಸ್ಪಷ್ಟ. 1985ರಲ್ಲಿ ಪ್ರತಿಮೆಯ ಅನಾವರಣವಾದಾಗ ನಗರದ ಅಧಿಕಾರಿಗಳು ಆ ಪೀಠವನ್ನು ಇರಿಸಲಿಲ್ಲ. ತನ್ನ ಕೃತಿಯನ್ನು ಅರ್ಧಮಾಡಿದರೆಂದು ನೊಂದ ಶಿಲ್ಪಿ ಸಮಾರಂಭಕ್ಕೆ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳು ಕಳೆದು, 2009ರಲ್ಲಿ, ಪೀಠ ಬಂದಿತು, ಉಬ್ಬುಚಿತ್ರಗಳು ಬಂದವು, ಅವಳು ತಾನು ಹಾಡಿದುದರ ಮೇಲೆಯೇ ನಿಲ್ಲುವಂತಾಯಿತು. ಈ ಶಿಲ್ಪಿಯ ವಿಷಯವಾಗಿ ಇನ್ನೊಂದು ಮಾತು: ಶಿಲ್ಪಿಯಿಂದ ಒಬ್ಬರು ಕೃತಿಯನ್ನು ಮಾಡಿಸಿಕೊಂಡರೆ ಅದರ ಹಕ್ಕು ಮಾಡಿಸಿಕೊಂಡವರದೋ ಮಾಡಿದವನದೋ ಎಂಬ ಪ್ರಶ್ನೆಗಾಗಿ ಅಮೆರಿಕೆಯ ಪರಮೋಚ್ಚ ನ್ಯಾಯಾಲಯದವರೆಗೆ ಹೋರಾಡಿ, 1989ರಲ್ಲಿ ಕಲಾವಿದರೆಲ್ಲರಿಗೂ ಅನುಕೂಲವಾದ ತೀರ್ಪನ್ನು ಪಡೆದವನು ಇವನೇ. ಬಿಲ್ಲಿ ಹಾಲಿಡೇಯ ಪ್ರತಿಮೆಯನ್ನು ಮಾಡಲು ಇವನಿಗಿಂತ ತಕ್ಕವನು ಸಿಕ್ಕುತ್ತಿದ್ದನೆಂದು ನನಗೆ ತೋರುವುದಿಲ್ಲ.

ಬಯಲಿನ ಕಲ್ಲುಬೆಂಚಿನ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ನಾವು ಪೀಠದ ಸುತ್ತ ತಿರುಗಿ ತಿರುಗಿ ನೋಡುತ್ತಿದ್ದುದನ್ನು ಕಂಡು, ಎಲ್ಲಿಂದ ಬಂದಿರೆಂದು ಕೇಳಿದರು. ಹೇಳಿದೆ. “ಅಷ್ಟು ದೂರದಿಂದ ಈಕೆಯನ್ನು ನೋಡುವುದಕ್ಕೆ ಬಂದಿರಾ?” ಎಂದು ಬೆರಗುಗೊಂಡು, ತಾವು ಬಾಲಕನಾಗಿದ್ದಾಗ ರಾಯಲ್ ಥಿಯೇಟರಿನ ಮುಂದೆ ಭಾನುವಾರ ಸಂಜೆ ನಿಲ್ಲುತ್ತಿದ್ದ ಜನರ ಸಾಲನ್ನೂ ಅವರ ಉಡುಗೆ ತೊಡುಗೆಗಳನ್ನೂ ವರ್ಣಿಸಿದರು. ಆಮೇಲೆ ಪೀಠದ ಕಡೆಗೆ ಕೈತೋರಿಸಿ, “ಬಹಳ ಕಾಲ ಈಕೆ ಇಲ್ಲಿ ಬರಿಗಾಲಿನಲ್ಲಿ ನಿಂತಂತೆ ಇದ್ದಳು” ಎಂದರು. ನನ್ನ ಸೋದರಳಿಯ ಆ ಮಾತನ್ನು ಕೇಳಿ ಪ್ರತಿಮೆಯ ಹತ್ತಿರ ಹೋಗಿ ಆ ನೇಣಿನ ಚಿತ್ರವನ್ನು ಬಹುಹೊತ್ತು ನೋಡುತ್ತ ನಿಂತನು.

ಬಾಲ್ಟಿಮೋರಿನಿಂದ ನ್ಯೂಯಾರ್ಕಿಗೆ ಹೋಗುವ ರೈಲು ವಿಶಾಲವಾದ ಸಸ್ಕ್ವಿಹಾನಾ ನದಿಯನ್ನು ಅದು ಕೊಲ್ಲಿಯನ್ನು ಸೇರುವ ಸ್ಥಳದ ಸಮೀಪದಲ್ಲಿಯೇ ದಾಟಿ, ಆಕೆ ಹುಟ್ಟಿದ ಫಿಲಡೆಲ್ಫಿಯಾವನ್ನು ಹಾದು ಹೋಗುತ್ತದೆ. 1929ರಲ್ಲಿ ತಾಯಿಯನ್ನು ಸೇರಿಕೊಳ್ಳಲು ಹದಿಹರೆಯದ ಎಲಿನೋರಾ ಹಾರ್ಲೆಮ್ಮಿಗೆ ಬಂದಳು. ಅಲ್ಲಿ ತಾಯಿ ಮಗಳಿಬ್ಬರೂ ಬಿದ್ದ ಕಷ್ಟಗಳನ್ನೂ, ಒಮ್ಮೆ ಇಬ್ಬರೂ ಬಂಧಿತರಾದುದನ್ನೂ, ಈ ಹುಡುಗಿ ನಡುಗಡ್ಡೆಯ ದುಡಿಮೆಸೆರೆಮನೆಯಲ್ಲಿ ಕಳೆದ ದಿನಗಳನ್ನೂ ವಿವರಿಸಲು ಮನಸ್ಸು ಒಪ್ಪುವುದಿಲ್ಲ. ಆಕೆಯನ್ನು ಕುರಿತು ಬರೆಯುವವರೆಲ್ಲರೂ ಅವನ್ನೇ ವರ್ಣಿಸಿದ್ದಾರೆ.

ಹಾರ್ಲೆಮ್ಮಿನ 133ನೆಯ ಬೀದಿಯಲ್ಲಿ ಕಂದುಕಲ್ಲಿನ ಮನೆಗಳ ಸಾಲು ಇನ್ನೂ ಉಳಿದಿದೆ. ಮದ್ಯನಿಷೇಧದ ಕಾಲದಲ್ಲಿ ಆ ಮನೆಗಳ ನೆಲಮಾಳಿಗೆಗಳಲ್ಲೆಲ್ಲ ಗುಪ್ತ ಪಾನಗೃಹಗಳೂ ಸಂಗೀತವೂ ಇದ್ದುವು. ಚಿತ್ರನಟಿ ಬಿಲ್ಲಿ ಡೋವಳ ಹೆಸರಿನ ಒಂದು ಭಾಗವನ್ನೂ ತಂದೆಯ ಮನೆತನದ ಹೆಸರನ್ನೂ ಕೂಡಿಸಿ ತನಗೊಂದು ಹೊಸ ಹೆಸರನ್ನು ಮಾಡಿಕೊಂಡ ಈ ಹುಡುಗಿ ಅಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಹಾಡುತ್ತಿದ್ದಳು. 1933ರಲ್ಲಿ ಜಾನ್ ಹ್ಯಾಮಂಡ್ ಎಂಬ ಸಿರಿವಂತ ತರುಣ ರಸಿಕ ಅಕಸ್ಮಾತ್ತಾಗಿ ಆಕೆಯನ್ನು ಕೇಳಿ, ಅದೇ ವರ್ಷದ ನವೆಂಬರಿನಲ್ಲಿ ಬೆನ್ನಿ ಗುಡ್‌ಮನ್ನನ ತಂಡದೊಡನೆ ಆಕೆಯ ಮೊದಲ ಧ್ವನಿಮುದ್ರಣವನ್ನು ಏರ್ಪಡಿಸಿದನು. ಆಗ ಆಕೆಗೆ ಹದಿನೆಂಟು ವರ್ಷ. ಅನಂತರ 1935ರಿಂದ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ನನ ಜೊತೆಯಲ್ಲಿ ಹಾಡಿದ ಮೂರು ಮೂರು ನಿಮಿಷಗಳ ಹಾಡುಗಳು ಹೊರಬಂದುವು. ಪಾನಗೃಹಗಳಲ್ಲಿ ನಾಣ್ಯ ಹಾಕಿ ಕೇಳುವ ಯಂತ್ರಗಳಿಗಾಗಿ ಸಿದ್ಧಮಾಡಿದ ತಟ್ಟೆಗಳು ಅವು. ಒಂದು ಬೈಠಕ್ಕಿಗೆ ಇಷ್ಟೆಂದು ಸಂಬಳ. ತಟ್ಟೆ ಎಷ್ಟು ಮಾರಾಟವಾದರೂ ಗಾಯಕಿಗೆ ಅದರಲ್ಲಿ ಪಾಲಿಲ್ಲ.

ಆ ಹಾಡುಗಳ ವಿಷಯವಾಗಿ ಸ್ವಲ್ಪ ನಿಂತು ಮಾತನಾಡಬೇಕೆನ್ನಿಸುತ್ತದೆ. ಏಕೆಂದರೆ ಈ ಗಾಯಕಿಯ ನಿಜವಾದ ಸಿದ್ಧಿ ಇರುವುದು ಅಲ್ಲಿ. ಸಾಹಿತ್ಯದ ದೃಷ್ಟಿಯಿಂದ ಅವುಗಳಲ್ಲಿ ಬಹುಪಾಲು ಸಾಮಾನ್ಯವಾದುವು, ಋತುವೊಂದು ಕಳೆದರೆ ಮರೆತುಹೋಗಬೇಕಾಗಿದ್ದ ಲಘುಗೀತಗಳು. ಆಕೆಯ ಕಂಠದ ವ್ಯಾಪ್ತಿಯೂ ಹಿರಿದಲ್ಲ. ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೆ. ಬೆಸ್ಸಿ ಸ್ಮಿತ್ತಳ ಗುಡುಗಿನಂಥ ನಾದ ಇಲ್ಲಿಲ್ಲ. ಎಲ್ಲಾ ಫಿಟ್ಸ್‌ಜೆರಾಲ್ಡಳ ಮಿಂಚಿನಂಥ ತಾನಗಳಿಲ್ಲ. ಹಾಗಾದರೆ ಇರುವುದೇನು? ಕಾಲವನ್ನು ಕುರಿತ ಒಂದು ಅಪೂರ್ವವಾದ ವಿವೇಕ. ಜಾತ್ರೆಯಲ್ಲಿ ತೇರಿನ ಪಕ್ಕದಲ್ಲಿ ನಡೆಯುವ ಭಕ್ತನೊಬ್ಬನು ಒಮ್ಮೆ ಹಿಂದುಳಿದು, ಒಮ್ಮೆ ಗಾಲಿಗೆ ಸಮನಾಗಿ ಬಂದು, ತೇರು ನಿಲ್ಲುವ ಕ್ಷಣಕ್ಕೆ ಸರಿಯಾಗಿ ತಾನೂ ನಿಲ್ಲುವಂತೆ ಆಕೆ ತಾಳದ ಪಕ್ಕದಲ್ಲಿ ನಡೆಯುವಳು. ಪದವೊಂದು ಬರಬೇಕಾದ ಘಾತದಲ್ಲಿ ಬರದೆ ಒಂದು ಕೂದಲೆಳೆಯಷ್ಟು ತಡವಾಗಿ ಬರುವುದು. ಆ ತಡದಲ್ಲಿ ಕೇಳುವವನ ಮನಸ್ಸು ಮುಂದಕ್ಕೆ ಬಾಗುವುದು. ಬರೆದ ಸ್ವರವನ್ನು ಬಿಟ್ಟು ಬೇರೊಂದು ಸ್ವರವನ್ನು ಹಿಡಿದು, ಏರಿಳಿತಗಳಿದ್ದ ರಾಗಸಂಚಾರವನ್ನು ಎರಡು ಮೂರು ಸ್ವರಗಳಿಗೆ ಇಳಿಸಿ, ಹಾಡನ್ನು ಮಾತಿನ ಸನಿಹಕ್ಕೆ ತರುವಳು. ಲಯದ ಸೂಕ್ಷ್ಮಗಳಲ್ಲಿ ಪಳಗಿದ ನಮ್ಮ ದೇಶದ ಕಿವಿಗಳಿಗೆ ಈ ಕೌಶಲ ಬಹುಬೇಗ ಗ್ರಾಹ್ಯವಾಗುವುದೆಂದು ನನ್ನ ಅನುಭವ.

ಆ ತಟ್ಟೆಗಳಲ್ಲಿ 1937ರಿಂದ ಲೆಸ್ಟರ್ ಯಂಗ್ ಎಂಬಾತನ ಸ್ಯಾಕ್ಸೊಫೋನ್ ಜೊತೆಗೂಡಿತು. ಹಾಡುವ ಕಂಠವೂ ಊದುವ ವಾದ್ಯವೂ ಪರಸ್ಪರ ಕಿವಿಗೊಟ್ಟು ನಡೆಯುವ ಅಂಥ ಯುಗಳ ಸಂಗೀತದಲ್ಲಿ ತೀರ ದುರ್ಲಭ. ಅವನು ಆಕೆಗೆ ಲೇಡಿ ಡೇ ಎಂದು ಹೆಸರಿಟ್ಟನು. ಆಕೆ ಅವನನ್ನು ಪ್ರೆಸಿಡೆಂಟನೆಂದು ಕರೆದಳು. ಆ ಎರಡು ಹೆಸರುಗಳೂ ಕೊಟ್ಟವರ ಕಾಲಕ್ಕೆ ಮುಗಿಯದೆ ಜಾಝ್ ಲೋಕದಲ್ಲಿ ಇಂದಿಗೂ ನಿಂತಿವೆ.

1937ರಲ್ಲಿ ಕೌಂಟ್ ಬೇಸೀಯ ವಾದ್ಯವೃಂದದಲ್ಲಿಯೂ 1938ರಲ್ಲಿ ಬಿಳಿಯರ ವೃಂದವಾದ ಆರ್ಟಿ ಷಾನ ತಂಡದಲ್ಲಿಯೂ ಆಕೆ ಊರೂರು ಸಂಚರಿಸಿದಳು. ಬಿಳಿಯರ ತಂಡದೊಡನೆ ಖಾಯಂ ಗಾಯಕಿಯಾಗಿ ಸಂಚರಿಸಿದ ಕಪ್ಪು ಮಹಿಳೆಯರಲ್ಲಿ ಆಕೆ ಮೊದಲಿಗರಲ್ಲಿ ಒಬ್ಬಳು. ಅದರ ಬೆಲೆಯನ್ನು ಪ್ರತಿ ಊರಿನಲ್ಲಿಯೂ ತೆತ್ತಳು. ದಕ್ಷಿಣದ ಊರುಗಳ ಮಾತು ಹಾಗಿರಲಿ, ನ್ಯೂಯಾರ್ಕಿನ ನಡುಮಧ್ಯದಲ್ಲಿ, ಲಿಂಕನ್ ಮಹಾಶಯನ ಹೆಸರನ್ನೇ ಹೊತ್ತಿದ್ದ ಹೋಟೆಲಿನಲ್ಲಿ, ಅಲ್ಲಿಯ ಅತಿಥಿಗಳಿಗಾಗಿ ಹಾಡಬೇಕಾದ ಈಕೆಯನ್ನು ಅತಿಥಿಗಳ ಲಿಫ್ಟಿನಲ್ಲಿ ಬಿಡದೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕೆಂದು ವಿಧಿಸಿದರು. ಆ ವರ್ಷ ಮುಗಿಯುವಷ್ಟರಲ್ಲಿ ಆಕೆ ತಂಡವನ್ನು ಬಿಟ್ಟಳು. ಬಾಲ್ಟಿಮೋರಿನ ಪೀಠದ ವೃತ್ತಾಂತವನ್ನು ಕೇಳಿದ ಮೇಲೆ ಈ ಲಿಫ್ಟಿನ ಸಂಗತಿ ನನಗೆ ಬೇರೆಯಾಗಿ ಕಾಣಲಿಲ್ಲ. ಕಂಠ ಬೇಕು, ಕಂಠದ ಒಡತಿ ಬೇಡ. ಪ್ರತಿಮೆ ಬೇಕು, ಅದು ಯಾವುದರ ಮೇಲೆ ನಿಂತಿದೆಯೋ ಅದು ಬೇಡ. ಆಕೆಯ ಸಂಬಂಧದಲ್ಲಿ ಲೋಕ ನಡೆದುಕೊಂಡ ರೀತಿಯೆಲ್ಲವೂ ಇದೇ.

ಗ್ರೀನ್‌ವಿಚ್ ವಿಲೇಜಿನ ಶೆರಿಡನ್ ಸ್ಕ್ವೇರಿನಲ್ಲಿ, ಬೀದಿಗಳು ಕೋನ ತಪ್ಪಿ ಒಂದನ್ನೊಂದು ಕೂಡುವ ಸ್ಥಳದಲ್ಲಿ, ಒಂದನೆಯ ಸಂಖ್ಯೆಯ ಕಟ್ಟಡ ಇಂದಿಗೂ ಇದೆ. ಅದರ ನೆಲಮಾಳಿಗೆಯಲ್ಲಿ 1938ರ ಡಿಸೆಂಬರಿನಲ್ಲಿ ಬಾರ್ನಿ ಜೋಸೆಫ್‌ಸನ್ ಎಂಬ, ಅದಕ್ಕೆ ಮೊದಲು ಪಾದರಕ್ಷೆಗಳ ವ್ಯಾಪಾರಿಯಾಗಿದ್ದ ಸಜ್ಜನನು ಕೆಫೆ ಸೊಸೈಟಿ ಎಂಬ ಸಂಗೀತಶಾಲೆಯನ್ನು ತೆರೆದನು. ವೇದಿಕೆಯ ಮೇಲಷ್ಟೇ ಅಲ್ಲದೆ ಕೇಳುವವರ ಮೇಜುಗಳಲ್ಲಿಯೂ ಕರಿಯರು ಬಿಳಿಯರು ಒಟ್ಟಿಗೆ ಕುಳಿತುಕೊಳ್ಳುವುದು ಅಲ್ಲಿಯ ನಿಯಮ. ಆ ಕಾಲದ ನ್ಯೂಯಾರ್ಕಿನಲ್ಲಿ ಇಂಥ ಸ್ಥಳ ಮತ್ತೊಂದು ದುರ್ಲಭವಾಗಿದ್ದಿತು. ಪ್ರಾರಂಭದಿಂದ ಅಲ್ಲಿಯ ಗಾಯಕಿ ಬಿಲ್ಲಿ ಹಾಲಿಡೇ.

ಅಲ್ಲಿಗೆ ಒಂದು ದಿನ ಆಬೆಲ್ ಮಿಯರೊಪೋಲ್ ಎಂಬ ಉಪಾಧ್ಯಾಯನು ತನ್ನ ಹಾಡನ್ನು ತಂದನು. ಬ್ರಾಂಕ್ಸಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಯಹೂದಿ. 1930ರ ಆಗಸ್ಟಿನಲ್ಲಿ ಇಂಡಿಯಾನಾ ಪ್ರಾಂತದ ಮೇರಿಯನ್ ಎಂಬ ಊರಿನಲ್ಲಿ ಜನಸ್ತೋಮವು ಥಾಮಸ್ ಷಿಪ್, ಏಬ್ರಮ್ ಸ್ಮಿತ್ ಎಂಬ ಇಬ್ಬರು ತರುಣರನ್ನು ಸೆರೆಮನೆಯಿಂದ ಎಳೆದು ತಂದು ಮರಕ್ಕೆ ನೇಣುಹಾಕಿದುದರ ಛಾಯಾಚಿತ್ರವನ್ನು ಕಂಡು ಮನಸ್ಸು ಕದಡಿ ಬರೆದ ಪದ್ಯವನ್ನು 1937ರಲ್ಲಿ ಉಪಾಧ್ಯಾಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಆಮೇಲೆ ತಾನೇ ಅದಕ್ಕೆ ಸ್ವರವನ್ನು ಕೂಡಿಸಿದ್ದನು. ‘ಸ್ಟ್ರೇಂಜ್ ಫ್ರೂಟ್’ ಎಂಬುದು ಆ ಹಾಡಿನ ಹೆಸರು. ಟಸ್ಕೀಗೀ ಸಂಸ್ಥೆಯವರ ಲೆಕ್ಕದಂತೆ 1882ರಿಂದ 1968ರವರೆಗೆ ಆ ದೇಶದಲ್ಲಿ ಹೀಗೆ ಜನಸ್ತೋಮದಿಂದ ಹತರಾದವರು 4,743 ಮಂದಿ; ಅವರಲ್ಲಿ 3,446 ಮಂದಿ ಕಪ್ಪು ಜನಾಂಗದವರು. ಮನರಂಜನೆಗಾಗಿ ಬಂದು ಕುಳಿತವರ ಎದುರಿನಲ್ಲಿ ಅದನ್ನು ಹಾಡುವುದೆಂದರೆ ಎಂಥ ಸಾಹಸವೆಂಬುದನ್ನು ಊಹಿಸಿಕೊಳ್ಳಬಹುದು. ಅದೂ ಅಲ್ಲದೆ, 1937ರಲ್ಲಿ ಆಕೆಯ ತಂದೆ ಕ್ಲಾರೆನ್ಸ್ ಟೆಕ್ಸಾಸಿನಲ್ಲಿ ಶ್ವಾಸಕೋಶದ ರೋಗದಿಂದ ತೀರಿಕೊಂಡಿದ್ದನು. ಬಣ್ಣದ ಕಾರಣದಿಂದ ಸಕಾಲದಲ್ಲಿ ಅವನಿಗೆ ಚಿಕಿತ್ಸೆ ದೊರೆಯಲಿಲ್ಲವೆಂದು ಆಕೆ ಹೇಳುತ್ತಿದ್ದಳು. ಹಾಡು ಆಕೆಗೆ ದೂರದ ಸುದ್ದಿಯಾಗಿರಲಿಲ್ಲ.

ಜೋಸೆಫ್‌ಸನ್ ಆ ಹಾಡಿಗೊಂದು ವಿಧಿಯನ್ನು ಗೊತ್ತುಮಾಡಿದನು. ಪ್ರತಿರಾತ್ರಿ ಕೊನೆಯದಾಗಿ ಅದನ್ನು ಹಾಡಬೇಕು. ಹಾಡು ಆರಂಭವಾಗುವ ಮೊದಲು ಪರಿಚಾರಕರು ಪಾನೀಯಗಳನ್ನು ಕೊಡುವುದನ್ನು ನಿಲ್ಲಿಸಬೇಕು; ದೀಪಗಳೆಲ್ಲ ಆರಿ, ಗಾಯಕಿಯ ಮುಖದ ಮೇಲೆ ಮಾತ್ರ ಒಂದು ಬೆಳಕು ಬೀಳಬೇಕು. ಹಾಡು ಮುಗಿದೊಡನೆ ಅದೂ ಆರಿ, ಮತ್ತೆ ದೀಪ ಹತ್ತಿದಾಗ ವೇದಿಕೆ ಬರಿದಾಗಿರಬೇಕು. ಜನ ಎಷ್ಟು ಚಪ್ಪಾಳೆ ತಟ್ಟಿದರೂ ಆಕೆ ಮರಳಿ ಬರಕೂಡದು. ಆಕೆಯ ಹಾಡಿಕೆಯಲ್ಲಿಯೂ ಅದೇ ಸಂಯಮ. ಕೂಗಿಲ್ಲ, ಬಿಕ್ಕಿಲ್ಲ, ಕೈಯ ಅಭಿನಯವಿಲ್ಲ. ಸಾಕ್ಷಿಯ ಕಟಕಟೆಯಲ್ಲಿ ನಿಂತವಳಂತೆ ಒಂದೊಂದು ಪದವನ್ನೂ ಅದರ ಸ್ಥಾನದಲ್ಲಿ ಇಟ್ಟು ಕೈತೆಗೆಯುವಳು. ಹಾಡಿನ ಕೊನೆಯಲ್ಲಿ ಮಾತ್ರ ಕಂಠ ಮೇಲಕ್ಕೆದ್ದು, ಇಳಿಯಬೇಕಾದ ಸ್ವರಕ್ಕೆ ಇಳಿಯದೆ ಅಲ್ಲಿಯೇ ತುಂಡಾಗುವುದು. ಆ ಕಟ್ಟಡದ ಎದುರಿಗೆ ನಿಂತು ನಾನು ಯೋಚಿಸಿದುದು ಇದನ್ನೇ: ದುಃಖವನ್ನು ಅನುಭವಿಸುವುದು ಆಕೆಯ ಪಾಲಿಗೆ ಬಂದುದು, ಅದನ್ನು ಹೀಗೆ ಅಳತೆಗೆ ತಂದು ನುಡಿದುದು ಆಕೆ ಸಾಧಿಸಿದುದು. ಇವೆರಡನ್ನೂ ಒಂದೇ ಎಂದು ಎಣಿಸುವವರು ಆಕೆಯನ್ನು ಕೇಳಿಯೇ ಇಲ್ಲ.

ಆಗ ಆಕೆ ಒಪ್ಪಂದದಲ್ಲಿದ್ದ ಕೊಲಂಬಿಯಾ ಕಂಪೆನಿ ಈ ಹಾಡನ್ನು ಮುದ್ರಿಸಲು ಒಪ್ಪಲಿಲ್ಲ. ಬೇರೆ ಕಡೆ ಹಾಡುವುದಕ್ಕೆ ಅನುಮತಿಯನ್ನು ಮಾತ್ರ ಕೊಟ್ಟರು. ರೆಕಾರ್ಡು ಅಂಗಡಿಯಿಟ್ಟುಕೊಂಡು ಕೊಮೊಡೋರ್ ಎಂಬ ಸಣ್ಣ ಮುದ್ರೆಯನ್ನು ನಡೆಸುತ್ತಿದ್ದ ಮಿಲ್ಟ್ ಗ್ಯಾಬ್ಲರ್ ಆ ಕೆಲಸವನ್ನು ಕೈಗೊಂಡನು.

ಐವತ್ತೆರಡನೆಯ ಬೀದಿಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಆಕೆ ಹಾಡಿದ ಚಿಕ್ಕ ಚಿಕ್ಕ ಸಂಗೀತಗೃಹಗಳೆಲ್ಲ ಅಳಿದು ಗಾಜಿನ ಕಚೇರಿಗಳೆದ್ದಿವೆ. ಆ ಬೀದಿಯ ವೈಭವದ ದಿನಗಳಲ್ಲಿಯೇ ಮಾದಕದ್ರವ್ಯದ ವ್ಯಸನ ಆಕೆಯನ್ನು ಹಿಡಿದುದು. 1947ರಲ್ಲಿ ಬಂಧಿತಳಾಗಿ ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ ಸೆರೆಮನೆಯನ್ನು ಸೇರಿದಳು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1948ರ ಮಾರ್ಚ್ 27ರಂದು, ಕಾರ್ನೆಗೀ ಹಾಲಿನಲ್ಲಿ ಹಾಡಿದಳು. ಆಸನಗಳು ಸಾಲದೆ ವೇದಿಕೆಯ ಮೇಲೂ ಜನರನ್ನು ಕೂಡಿಸಬೇಕಾಯಿತು. ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಸ್ಥಳಗಳಲ್ಲಿ ಹಾಡಬೇಕಾದರೆ ಪೊಲೀಸರು ಕೊಡುವ ಕಾರ್ಡು ಬೇಕು; ಸೆರೆಮನೆಯಿಂದ ಬಂದವರಿಗೆ ಆ ಕಾರ್ಡಿಲ್ಲ. ಜಾಝ್ ಸಂಗೀತ ಬದುಕಿದ್ದುದೇ ಅಂಥ ಸ್ಥಳಗಳಲ್ಲಿ. ಆ ಭವ್ಯಸಭಾಂಗಣವನ್ನು ತುಂಬಬಲ್ಲ ಗಾಯಕಿ ತನ್ನ ನಗರದ ಒಂದು ಪುಟ್ಟ ಕ್ಲಬ್ಬಿನಲ್ಲಿ ಹಾಡಲು ಅನುಮತಿಯಿಲ್ಲದೆ ಉಳಿದ ಆಯುಷ್ಯವನ್ನು ಕಳೆದಳು. ಈ ಕಾರ್ಡಿನ ಪದ್ಧತಿ ರದ್ದಾದುದು 1967ರಲ್ಲಿ, ಆಕೆ ಸತ್ತು ಎಂಟು ವರ್ಷಗಳಾದ ಮೇಲೆ. ರೋಗಿಗೆ ವೈದ್ಯನನ್ನು ಕಳುಹಿಸದೆ ಪೊಲೀಸನನ್ನು ಕಳುಹಿಸಿದ ಆಡಳಿತವನ್ನು ನಾನು ಕ್ಷಮಿಸಲಾರೆ.

1957ರ ಡಿಸೆಂಬರಿನಲ್ಲಿ ಸಿಬಿಎಸ್ ದೂರದರ್ಶನ ಸಂಸ್ಥೆಯವರು ಏರ್ಪಡಿಸಿದ ಜಾಝ್ ಗೋಷ್ಠಿಯೊಂದರ ಚಿತ್ರ ಉಳಿದುಬಂದಿದೆ. ವಾದಕರ ನಡುವೆ ಎತ್ತರದ ಪೀಠದ ಮೇಲೆ ಕುಳಿತು ಆಕೆ ತಾನೇ ರಚಿಸಿದ ‘ಫೈನ್ ಅಂಡ್ ಮೆಲ್ಲೋ’ ಹಾಡನ್ನು ಹಾಡುತ್ತಾಳೆ. ಬೆನ್ ವೆಬ್‌ಸ್ಟರ್, ಕೋಲ್‌ಮನ್ ಹಾಕಿನ್ಸ್ ಮೊದಲಾದ ಮಹಾವಾದಕರು ಒಬ್ಬೊಬ್ಬರಾಗಿ ನುಡಿಸುತ್ತಾರೆ. ರೋಗದಿಂದ ಕೃಶನಾಗಿದ್ದ ಲೆಸ್ಟರ್ ಯಂಗ್ ತನ್ನ ಸರದಿ ಬಂದಾಗ ಎದ್ದುನಿಂತು, ಅಬ್ಬರವಿಲ್ಲದ, ಮಿತವಾದ ಕೆಲವು ವಾಕ್ಯಗಳನ್ನು ನುಡಿಸುತ್ತಾನೆ. ಅದನ್ನು ಕೇಳುತ್ತಿರುವ ಆಕೆಯ ಮುಖವನ್ನು ನೋಡಬೇಕು: ಹೌದೆಂಬಂತೆ ತಲೆಯಾಡುತ್ತದೆ, ತುಟಿಗಳಲ್ಲಿ ನಗು ಮೂಡುತ್ತದೆ, ಇಪ್ಪತ್ತು ವರ್ಷಗಳ ಸ್ನೇಹವೂ ವಿಯೋಗವೂ ಆ ಕಣ್ಣುಗಳಲ್ಲಿ ಒಂದಾಗುತ್ತವೆ. ಆತ 1959ರ ಮಾರ್ಚಿನಲ್ಲಿ ತೀರಿಕೊಂಡನು. ಆಕೆ ಅದೇ ವರ್ಷದ ಜುಲೈ 17ರಂದು.

ಪೂರ್ವ ಹಾರ್ಲೆಮ್ಮಿನ ಮೊದಲನೆಯ ಅವೆನ್ಯೂವಿನಲ್ಲಿರುವ ಮೆಟ್ರೊಪಾಲಿಟನ್ ಆಸ್ಪತ್ರೆಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. 1959ರ ಮೇ ತಿಂಗಳ ಕೊನೆಯಲ್ಲಿ ಯಕೃತ್ತು ಹೃದಯಗಳೆರಡೂ ಕೆಟ್ಟು ಆಕೆ ಅಲ್ಲಿ ಸೇರಿದಾಗ, ಕೋಣೆಯಲ್ಲಿ ಮಾದಕದ್ರವ್ಯ ಸಿಕ್ಕಿತೆಂದು ಹಾಸಿಗೆಯ ಮೇಲೆಯೇ ಆಕೆಯನ್ನು ಬಂಧಿಸಿ, ಬಾಗಿಲಲ್ಲಿ ಪೊಲೀಸರನ್ನು ನಿಲ್ಲಿಸಿದರು. ಸಾಯುವಾಗ ಆಕೆಗೆ 44 ವರ್ಷ. ಬ್ಯಾಂಕಿನಲ್ಲಿದ್ದುದು 70 ಸೆಂಟು. ಕಾಲಿಗೆ ಅಂಟಿಸಿಕೊಂಡಿದ್ದ ನೋಟುಗಳು 750 ಡಾಲರು.

ಬ್ರಾಂಕ್ಸಿನ ಸಂತ ರೇಮಂಡರ ಸ್ಮಶಾನಕ್ಕೆ ಸುರಂಗರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸನ್ನು ಹಿಡಿದು, ಸ್ವಲ್ಪ ದೂರ ನಡೆಯಬೇಕು. ಮಗ್ಗುಲಲ್ಲಿ ಹೆದ್ದಾರಿಯ ವಾಹನಗಳ ಮೊರೆತ ಎಡೆಬಿಡದೆ ಕೇಳುತ್ತದೆ. ಸಾವಿರಾರು ಕಲ್ಲುಗಳ ನಡುವೆ ಆಕೆಯದೂ ಒಂದು ಸಾಮಾನ್ಯ ಕಲ್ಲು. ಹೆಸರಿನೊಡನೆ ಲೆಸ್ಟರ್ ಯಂಗ್ ಕೊಟ್ಟ ಬಿರುದೂ ಅದರ ಮೇಲೆ ಕೆತ್ತಿದೆ. ಯಾರೋ ಇಟ್ಟುಹೋದ ಬಿಳಿಯ ಹೂಗಳಿದ್ದುವು. ನಾನೂ ಇಟ್ಟೆ. ಜನಸ್ತೋಮದ ಕೊಲೆಯನ್ನು ರಾಷ್ಟ್ರದ ಅಪರಾಧವೆಂದು ಘೋಷಿಸುವ ಶಾಸನಕ್ಕಾಗಿ ಆ ದೇಶದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಪ್ರಯತ್ನ ನಡೆದು, ಮತ್ತೆ ಮತ್ತೆ ಸೋತು, ಕೊನೆಗೆ 2022ರ ಮಾರ್ಚ್ 29ರಂದು, ಎಮ್ಮೆಟ್ ಟಿಲ್ ಎಂಬ ಹತನಾದ ಬಾಲಕನ ಹೆಸರಿನಲ್ಲಿ, ಅದಕ್ಕೆ ರಾಷ್ಟ್ರಾಧ್ಯಕ್ಷರ ಅಂಕಿತ ಬಿದ್ದಿತು. ಆಕೆ ಆ ಹಾಡನ್ನು ಹಾಡಿ ಆ ವೇಳೆಗೆ ಎಂಬತ್ತಮೂರು ವರ್ಷಗಳಾಗುತ್ತ ಬಂದಿದ್ದುವು.

ಈ ಗಾಯಕಿಯನ್ನು ಇದುವರೆಗೆ ಕೇಳದಿರುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಆಕೆಯ ಕಡೆಯ ವರ್ಷಗಳ ಬಿರುಕುಗೊಂಡ ಕಂಠದಿಂದ ಮೊದಲುಮಾಡಬೇಡಿ; ಆಕೆಯ ಕಷ್ಟಗಳನ್ನು ಓದಿ, ಅನುಕಂಪವನ್ನು ಕೂಡಿಟ್ಟುಕೊಂಡು ಕೇಳಲು ಕುಳಿತುಕೊಳ್ಳಬೇಡಿ. 1935ರ ಹಾಡುಗಳಿಂದ ಆರಂಭಿಸಿ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಕ್ಷುಲ್ಲಕವಾದ ಪದಗಳನ್ನು ಹಿಡಿದು, ತಾಳದೊಡನೆ ಸರಸವಾಡುತ್ತ, ಎಷ್ಟು ನಕ್ಕಿದ್ದಾಳೆಂಬುದನ್ನು ಮೊದಲು ಕೇಳಿ. ಆಮೇಲೆ ಗ್ಯಾಬ್ಲರ್ ಹೊರತಂದ ಆ ಕೊಮೊಡೋರ್ ತಟ್ಟೆಗೆ ಬನ್ನಿ. ಅದರ ಒಂದು ಮುಖದಲ್ಲಿ ‘ಸ್ಟ್ರೇಂಜ್ ಫ್ರೂಟ್’ ಇದೆ, ಇನ್ನೊಂದು ಮುಖದಲ್ಲಿ ‘ಫೈನ್ ಅಂಡ್ ಮೆಲ್ಲೋ’. ಎರಡನ್ನೂ ಆಕೆ 1939ರ ಏಪ್ರಿಲ್ 20ರಂದು, ಒಂದೇ ದಿನ, ಅದೇ ವಾದಕರ ಜೊತೆಯಲ್ಲಿ ಹಾಡಿದಳು. ಎರಡು ಮುಖಗಳನ್ನೂ ಕೇಳಿ.